ಬರ್ಟಿಲ್ ಉಜ್ಜಿದ ಸುತ್ತುಗಳು

ಮಾರ್ಗರೆತಾ ಅವರು ತಮ್ಮ ಕಾರಿನ ಕೀಲಿಕೈಯನ್ನು ನನಗೆ ಕೊಟ್ಟದ್ದು ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ, ಎಲ್ಲರೂ ಸರದಿಯ ಮೇಲೆ ಬಟ್ಟೆ ಒಗೆಯುವ ಕೋಣೆಯಲ್ಲಿ. ಕೊಡುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿದರು.

"ಸ್ಟಿಯರಿಂಗ್ ಪಕ್ಕದಲ್ಲಿ ಗೇರ್ ಇರುವ ಕಾರನ್ನು ಯಾವತ್ತಾದರೂ ಓಡಿಸಿದ್ದೀಯಾ?"

ಓಡಿಸಿದ್ದೆ. ಅರಸೀಕೆರೆಯಲ್ಲಿ ನಮ್ಮ ಚಿಕ್ಕಪ್ಪ ರಾಜಗೋಪಾಲನದೊಂದು ಹಳೆಯ ಫಿಯೆಟ್ ಇತ್ತು. ನಾನು ಡ್ರೈವಿಂಗ್ ಕಲಿತದ್ದು ಅದರಲ್ಲೇ. ಅದರ ಗೇರಿನ ಕಡ್ಡಿ ಸ್ಟಿಯರಿಂಗ್ ಪಕ್ಕದಲ್ಲೇ ಇತ್ತು. ಅಲ್ಲಿ ಎಡಗೈಯಲ್ಲಿ ಹಾಕುತ್ತಿದ್ದುದನ್ನು ಇಲ್ಲಿ ಬಲಗೈಯಲ್ಲಿ ಹಾಕಬೇಕು, ಅಷ್ಟೇ ವ್ಯತ್ಯಾಸ. ಈ ಸ್ವೀಡಿಷ್ ಊರು ಸೊಲ್ಲೆಂಟುನಾಕ್ಕೆ ಬಂದು ಆಗ ಎಂಟು ತಿಂಗಳಾಗಿತ್ತು. ಊರಿನ ಲೈಸೆನ್ಸು ಇಲ್ಲಿ ಒಂದು ವರ್ಷ ನಡೆಯುತ್ತದೆ. ಆದರೆ ನಮಗೆ ಕಾರಿರಲಿಲ್ಲ. ನನ್ನ ಗಂಡ ದತ್ತಾತ್ರೇಯ ಕಿಸ್ತಾದ ಆಫೀಸಿಗೆ ಟ್ರೇನಿನಲ್ಲಿ ಹೋಗಿಬರುತ್ತಿದ್ದರು, ನಾನು ವಾರಕ್ಕೆ ಮೂರು ದಿನ ಸ್ವೀಡಿಷ್ ಕ್ಲಾಸಿಗೆ ನಡೆದುಕೊಂಡು ಹೋಗುತ್ತಿದ್ದೆ.

ಮಾರ್ಗರೆತಾ ಅವರಿಗೆ ಎಪ್ಪತ್ತಾರು. ಸೊಂಟದ ಕೀಲಿನ ಆಪರೇಷನ್ನಿಗೆ ಹೊರಟಿದ್ದರು. ಆಮೇಲೆ ಎರಡು ತಿಂಗಳು ಉಪ್ಸಾಲಾದಲ್ಲಿ ತಂಗಿಯ ಮನೆಯಲ್ಲಿರುವವರು. "ನಲವತ್ತು ವರ್ಷದ ಕಾರು. ನಿಲ್ಲಿಸಿಬಿಟ್ಟರೆ ಮತ್ತೆ ಏಳೋದಿಲ್ಲ," ಎಂದರು. "ಪ್ರತಿ ಶುಕ್ರವಾರ ನೀರಿನ ದಡದ ತನಕ ಹೋಗಿ ಬಾ. ಈ ಬೀದಿಯ ಹುಡುಗರಿಗೆ ಈ ಗೇರು ಬರೋದಿಲ್ಲ."

ಅಮ್ಮನಿಗಿಂತ ದೊಡ್ಡವರನ್ನು ಬರೀ ಹೆಸರು ಹಿಡಿದು ಕರೆಯುವುದು ನನಗೆ ಇವತ್ತಿಗೂ ಒಗ್ಗಿಲ್ಲ. ಇಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ. ನಾನು "ಮಾರ್ಗರೆತಾ" ಎಂದು, ಉಳಿದದ್ದನ್ನು ಮನಸ್ಸಿನಲ್ಲೇ ಸೇರಿಸಿಕೊಳ್ಳುತ್ತಿದ್ದೆ.

ಕಾರು ನಿಂತಿದ್ದುದು ಅವರ ಅಡುಗೆಮನೆ ಕಿಟಕಿಯ ಎದುರು, ಬಯಲಲ್ಲಿ. 1964ರ ಸಾಬ್. ಬಿಳಿ ಎನ್ನಲಾಗದ, ಬೂದಿ ಎನ್ನಲಾಗದ ಬಣ್ಣ. ಬೆನ್ನು ಬಾಗಿಸಿಕೊಂಡು ಏನನ್ನೋ ಹುಡುಕುತ್ತಿರುವ ಅಜ್ಜಿಯ ಹಾಗೆ ಹಿಂಭಾಗ ಇಳಿಜಾರಾಗಿತ್ತು. ಮಾರ್ಗರೆತಾ ಅವರು ಊರುಗೋಲನ್ನು ನನಗೆ ಕೊಟ್ಟು, ಕಷ್ಟಪಟ್ಟು ಬಗ್ಗಿ, ಬಾನೆಟ್ಟಿನ ಎಡ ಅಂಚಿಗೆ, ಹೆಡ್‌ಲೈಟಿನ ಪಕ್ಕಕ್ಕೆ "ಹಾ" ಎಂದು ಬಾಯಿ ತೆರೆದು ಉಸಿರು ಬಿಟ್ಟರು. ಕನ್ನಡಕ ಒರೆಸುವ ಮೊದಲು ಬಿಡುತ್ತೇವಲ್ಲ, ಹಾಗೆ.

ಉಸಿರಿನ ಹಬೆಯಲ್ಲಿ ಸುತ್ತುಗಳು ಕಂಡವು. ಸಣ್ಣಸಣ್ಣವು, ಒಂದರ ಮೇಲೊಂದು ಅರ್ಧ ಏರಿದವು. ನೋಡುತ್ತಿದ್ದಂತೆ ಮಾಯವಾದವು.

"ಬರ್ಟಿಲ್ ಕೈ," ಎಂದರು.

ಬರ್ಟಿಲ್ ಅವರ ಗಂಡ. ಪ್ರತಿ ಶರತ್ಕಾಲದಲ್ಲಿ, ಚಳಿಗೆ ಮುಂಚೆ, ಕಾರಿಗೆ ಮೇಣ ಹಚ್ಚಿ ಬಟ್ಟೆಯಲ್ಲಿ ಉಜ್ಜುತ್ತಿದ್ದರಂತೆ. ಹೋದ ವರ್ಷವೂ ಉಜ್ಜಿದ್ದರು. ಈ ಮಾರ್ಚಿನಲ್ಲಿ ತೀರಿಕೊಂಡರು. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಗಾಜಿನ ಪುಡಿಯ ಹಾಗೆ ಮಂಜು ಹೆಪ್ಪುಗಟ್ಟಿತ್ತು. ಆಗ ಕಿಟಕಿಯಿಂದ ನೋಡಿದರೆ ಇಡೀ ಬಾನೆಟ್ಟಿನ ತುಂಬ ಅವರ ಕೈ ಸುತ್ತಿದ ದಾರಿ ಎದ್ದು ಕಂಡಿತಂತೆ.

"ಬಾನೆಟ್ ತೊಳೆಯಬೇಡ, ಒರೆಸಬೇಡ. ಉಳಿದದ್ದೆಲ್ಲ ನಿನ್ನಿಷ್ಟ. ಈ ಸಲದ ಮೊದಲ ಮಂಜಿಗೆ ಮೊದಲು ನಾನು ವಾಪಸ್ ಬಂದಿರುತ್ತೇನೆ."

"ಸರಿ," ಎಂದೆ. ಮಾತು ಕೊಡುವುದಕ್ಕೆ ನನ್ನ ಸ್ವೀಡಿಷ್‌ನಲ್ಲಿ ಇದ್ದುದು ಅಷ್ಟೇ.

ಮೊದಲ ಶುಕ್ರವಾರ ದತ್ತಾತ್ರೇಯ ರಜೆ ಹಾಕಿ ಜೊತೆಗೆ ಬಂದರು. ಕೀಲಿ ತಿರುಗಿಸಿದ್ದೇ ತಡ, ಹಿಂದಿನಿಂದ ನೀಲಿ ಹೊಗೆ. ಅವರ ಮುಖ ಅರಳಿತು.

"ಅಯ್ಯೋ ಭಾನು, ಇದು ನಮ್ಮಪ್ಪನ ಸ್ಕೂಟರ್ ಕಣೇ! ಅದೇ ವಾಸನೆ. ಟೂ-ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಮಿಕ್ಸ್ ಮಾಡ್ಲೇಬೇಕು, ಮರೆತ್ರೆ ಗೋವಿಂದ."

"ಅವರು ಡಬ್ಬ ಕೊಟ್ಟಿದ್ದಾರೆ ರೀ, ಡಿಕ್ಕೀಲಿದೆ."

"ಒಂದ್ ದಿನ ಸ್ಟಾರ್ಟ್ ಆಗ್ದೇ ಹೋದ್ರೆ? ಒಂದು ಸೈಡಿಗೆ ಬಗ್ಗಿಸಿ ಕಿಕ್ ಹೊಡೆಯೋಣ್ವಾ?"

"ನೀವು ಬಗ್ಗಿಸಿ, ನಾನು ನೋಡ್ತೀನಿ."

ಎಡ್ಸ್‌ವಿಕೆನ್ ನೀರಿಗೆ ಇಳಿಯುವ ರಸ್ತೆಯಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಅಷ್ಟು ಹೊತ್ತು ಡುಗುಡುಗು ಎನ್ನುತ್ತಿದ್ದ ಇಂಜಿನ್ ಥಟ್ಟನೆ ಪಿಸುಮಾತಿಗಿಳಿಯಿತು. ಕೆಟ್ಟಿತು ಎಂದುಕೊಂಡೆ. ಕಾರು ಮಾತ್ರ ಹೋಗುತ್ತಲೇ ಇತ್ತು. ಆಮೇಲೆ ಮಾರ್ಗರೆತಾ ಹೇಳಿದ್ದು ನೆನಪಾಯಿತು. ಇಳಿಜಾರಿನಲ್ಲಿ ಈ ಇಂಜಿನ್ ಚಕ್ರಗಳ ಕೈಬಿಡುತ್ತದೆ, ಹೆದರಬೇಡ. ಕಾರು ತಾನಾಗಿ ಉರುಳುತ್ತದೆ, ನೀನು ಬ್ರೇಕಿನ ಮೇಲೆ ಕಾಲಿಟ್ಟುಕೊಂಡಿರು.

ಹೀಗೆ ಎಂಟು ಶುಕ್ರವಾರಗಳು ಕಳೆದವು. ಬಾನೆಟ್ಟಿನ ಮೇಲೆ ಎಲೆ ಬಿದ್ದರೆ ಊದಿ ಹಾರಿಸುತ್ತಿದ್ದೆ, ಬೆರಳು ತಾಗಿಸುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಈಳಿಗೆಮಣೆ, ಚಾಕು, ಕುಕ್ಕರು, ದತ್ತಾತ್ರೇಯರ ಲ್ಯಾಪ್‌ಟಾಪು, ಸ್ಕ್ರೂಡ್ರೈವರು ಎಲ್ಲವನ್ನೂ ಮಣೆಯ ಮೇಲಿಟ್ಟು ಪೂಜೆ ಮಾಡಿದೆ. ಮಂಗಳಾರತಿಯಾದ ಮೇಲೂ ಏನೋ ಉಳಿದುಹೋದ ಹಾಗೆ ಅನ್ನಿಸಿತು. ಕಾರಿನ ಕೀಲಿಕೈ ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು.

"ಕೆಳಗೆ ಹೋಗಿ ಬರೋಣ ರೀ."

"ಅವರ ಕಾರು ಕಣೇ. ಕೇಳ್ದೇ ಮಾಡೋದು ಬೇಡ."

"ಕೈಯಲ್ಲಿ ಕೀಲಿಕೈ ಇದೆಯಲ್ಲ. ನಡೆಸ್ತಿರೋರು ನಾವು. ಇವತ್ತೊಂದು ದಿನ ಬಿಟ್ರೆ ಹೇಗೆ?"

"ತೆಂಗಿನಕಾಯಿ ಮಾತ್ರ ಬೇಡ. ಪಾರ್ಕಿಂಗಲ್ಲಿ ಒಡೆದ್ರೆ ಪೊಲೀಸ್ನೋರು ಬರ್ತಾರೆ."

ನಾಲ್ಕು ನಿಂಬೆಹಣ್ಣು, ಹೂವಂಗಡಿಯಿಂದ ತಂದ ಸೇವಂತಿಗೆ, ಕುಂಕುಮದ ಭರಣಿ. ಚಕ್ರಗಳಿಗೆ ಇಟ್ಟೆ, ನಂಬರ್ ಪ್ಲೇಟಿಗೆ ಇಟ್ಟೆ, ಒಳಗೆ ಸ್ಟಿಯರಿಂಗಿಗೂ ಇಟ್ಟೆ. ನಾಯಿ ಹಿಡಿದು ಬಂದವರೊಬ್ಬರು ನಿಂತು ನೋಡಿದರು. ನಾಯಿ ನಿಂಬೆಹಣ್ಣನ್ನು ಮೂಸಿ ಸೀನಿತು. ನಾಯಿಯವರಿಗೆ ದತ್ತಾತ್ರೇಯ "ಹೇ ಹೇ" ಎಂದು ಇಲ್ಲಿಯವರ ಹಾಗೆ ನಮಸ್ಕಾರ ಹೇಳಿ, ಆಕಾಶ ನೋಡಿದರು.

ಎಲ್ಲ ಮುಗಿದ ಮೇಲೆ ಒಂದು ಹೆಜ್ಜೆ ಹಿಂದೆ ಸರಿದು ನೋಡಿದೆ. ಕಾಲಿಗೆಲ್ಲ ಕುಂಕುಮ, ಹಣೆ ಬರಿದು. ಯಾರನ್ನಾದರೂ ಮನೆಗೆ ಕರೆದು ಕಾಲಿಗೆ ಮಾತ್ರ ಅರಿಶಿನ ಹಚ್ಚಿ, ಹಣೆ ಮುಟ್ಟದೆ ಕಳಿಸಿದ ಹಾಗೆ. ತೀರಿಹೋದವರೊಬ್ಬರ ಕೈ ಇನ್ನೂ ಅಲ್ಲೇ ಇದೆ ಎನ್ನುವ ಜಾಗ ಬೇರೆ. ತೊಳೆಯಬೇಡ ಎಂದಿದ್ದರು, ಒರೆಸಬೇಡ ಎಂದಿದ್ದರು. ಇಡಬೇಡ ಎಂದು ಹೇಳಿರಲಿಲ್ಲ. ಒಣ ಬೆರಳಿನಲ್ಲಿ ಒಣ ಕುಂಕುಮ, ಒಂದೇ ಒಂದು ಚಿಟಿಕೆ. ನಾಳೆ ವಿಜಯದಶಮಿಯಾದ ಮೇಲೆ ಎಲೆ ಊದಿದ ಹಾಗೆ ಊದಿಬಿಟ್ಟರಾಯಿತು.

ಇಟ್ಟೆ, ಬಾನೆಟ್ಟಿನ ನಟ್ಟನಡುವೆ.

ಬೆಳಿಗ್ಗೆ ಎದ್ದಾಗ ಮಳೆ ಬಂದು ನಿಂತಿತ್ತು. ಚಪ್ಪಲಿಯಲ್ಲೇ ಕೆಳಗಿಳಿದು ಓಡಿದೆ. ಬೊಟ್ಟು ಕರಗಿ, ಬಾನೆಟ್ಟಿನ ಇಳಿಜಾರಿನಲ್ಲಿ ಅಂಗೈಯುದ್ದ ಕೆಂಪಗೆ ಹರಿದು, ಅಲ್ಲೇ ಒಣಗಿ ಕೂತಿತ್ತು. ಗಾಯವಾದಂತೆ ಕಾಣುತ್ತಿತ್ತು. ಅದನ್ನು ಹಾಗೇ ಬಿಡಬೇಕಿತ್ತೋ ಏನೋ, ಈಗಲೂ ತಿಳಿಯದು. ಆ ಹೊತ್ತಿನಲ್ಲಿ ಒಂದೇ ಯೋಚನೆ, ಇದು ಹೋಗಬೇಕು. ಒದ್ದೆ ಬಟ್ಟೆಯಲ್ಲಿ ಒತ್ತಿದೆ, ಹೋಗಲಿಲ್ಲ. ಮೇಲೆ ಹೋಗಿ ಪಾತ್ರೆ ತೊಳೆಯುವ ಸೋಪಿನ ನೀರು ತಂದು ತಿಕ್ಕಿದೆ. ಹೋಯಿತು.

ಆಮೇಲೆ ಬಗ್ಗಿ ಉಸಿರು ಬಿಟ್ಟೆ.

ನಡುವೆ ಸುತ್ತುಗಳಿರಲಿಲ್ಲ. ಮೇಲಿಂದ ಕೆಳಕ್ಕೆ ನಾಲ್ಕೈದು ನೇರ ಗೆರೆಗಳಿದ್ದವು. ಅವು ನನ್ನ ಕೈಯವು.

ಕ್ಲಾಸಿಗೆ ಹೋಗಲಿಲ್ಲ. ಉಪ್ಸಾಲಾದಲ್ಲಿರುವ ಗೆಳತಿ ರಾಜಲಕ್ಷ್ಮಿಗೆ ಫೋನ್ ಮಾಡಿದೆ. ಅವಳು ಇಲ್ಲಿಗೆ ಬಂದು ಆರು ವರ್ಷ, ಇಲ್ಲಿಯ ರೀತಿನೀತಿ ಬಲ್ಲವಳು.

"ಹೇಳ್ಬೇಡ್ವೇ," ಎಂದಳು. "ಕಾರು ಇದೆ, ಓಡತ್ತೆ. ಇನ್ನೇನ್ ಬೇಕು ಅವರಿಗೆ?"

"ಅವರು ನೋಡ್ತಾರೆ ಕಣೆ. ಮಂಜು ಬಿದ್ದ ದಿನ ಕಂಡೇ ಕಾಣತ್ತೆ."

"ಕಂಡ್ರೂ ಇಲ್ಲಿಯೋರು ಎದುರಿಗೆ ಏನೂ ಅನ್ನಲ್ಲ. ಬಟ್ಟೆ ಒಗೆಯೋ ಕೋಣೆ ಗೋಡೆ ಮೇಲೆ ಒಂದು ಚೀಟಿ ಅಂಟಿಸ್ತಾರೆ, ಅಷ್ಟೆ. 'ಆತ್ಮೀಯ ನೆರೆಹೊರೆಯವರೇ, ದಯವಿಟ್ಟು ಕಾರುಗಳಿಗೆ ಕುಂಕುಮ ಇಡಬಾರದು.'"

ನಗು ಬಂತು. ಫೋನ್ ಇಟ್ಟ ಮೇಲೆ ಅಳು ಬಂತು.

ಶನಿವಾರ ದತ್ತಾತ್ರೇಯ ಮೇಣದ ಡಬ್ಬಿಯೊಂದನ್ನು ತಂದರು. ಮೊದಲು ಫ್ರಿಜ್ಜಿನ ಬಾಗಿಲ ಮೇಲೆ ಪ್ರಾಕ್ಟೀಸ್ ಮಾಡಿದರು. ಸುತ್ತು, ಅದರ ಮೇಲೆ ಅರ್ಧ ಏರಿದ ಇನ್ನೊಂದು ಸುತ್ತು. ಅವರು ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸದವರು. ತಾಳ್ಮೆಯಿಂದ ಉಸಿರು ಬಿಟ್ಟು ಪರೀಕ್ಷಿಸಿದರು.

"ನೋಡು, ಥೇಟ್ ಅದೇ. ಗ್ಯಾಪ್ ಇರೋ ಕಡೆ ತುಂಬಿಬಿಟ್ರೆ ಬರ್ಟಿಲ್ ಅವರೇ ಬಂದ್ರೂ ಕಂಡುಹಿಡಿಯಕ್ಕಾಗಲ್ಲ."

ಇಬ್ಬರೂ ಕೆಳಗೆ ಹೋದೆವು. ಅವರು ಬಟ್ಟೆಯನ್ನು ಬೆರಳಿಗೆ ಸುತ್ತಿ ಬಾನೆಟ್ಟಿನ ಮೇಲೆ ಕೈ ಎತ್ತಿದರು. ನಾನು ಆ ಕೈ ಹಿಡಿದುಕೊಂಡೆ.

ಅಣ್ಣ, ಅಂದರೆ ನನ್ನ ತಂದೆ, ಅರಸೀಕೆರೆಯ ರಾಮಮಂದಿರದಲ್ಲಿ ಶ್ರಾವಣದ ಸಂಜೆಗಳಲ್ಲಿ ಕಾವ್ಯ ವಾಚನ ಮಾಡುತ್ತಿದ್ದರು. ಹಗಲೆಲ್ಲ ರೈಲ್ವೆಯ ಪಾರ್ಸಲ್ ಆಫೀಸು, ಸಂಜೆ ಕಂಬಕ್ಕೊರಗಿ ಷಟ್ಪದಿ. ಪುಸ್ತಕ ಮುಂದಿಡುತ್ತಿದ್ದರು, ನೋಡುತ್ತಿರಲಿಲ್ಲ. ನಾನು ಕಂಬದ ಇನ್ನೊಂದು ಬದಿಗೆ ಕೂತು ಕೇಳುತ್ತಿದ್ದೆ. ನನ್ನ ಬಾಲ್ಯವೆಂದರೆ ಹೆಚ್ಚೂಕಡಿಮೆ ಆ ಕೇಳುವುದೇ. ಕೊನೆಕೊನೆಗೆ ಅವರಿಗೆ ನಡುನಡುವೆ ಮಾತು ತಪ್ಪುತ್ತಿತ್ತು. ಆಗ ಪುಸ್ತಕ ತಡಕುತ್ತಿರಲಿಲ್ಲ, ತಮ್ಮದೊಂದು ಮಾತು ಹೊಸೆದು ಸೇರಿಸುತ್ತಲೂ ಇರಲಿಲ್ಲ. ಹೊಸೆಯಲು ಬಾರದವರಲ್ಲ. ಆ ಸಾಲು ಮುಗಿಯುವಷ್ಟು ಹೊತ್ತು ಬರೀ ರಾಗ ಎಳೆದು, ತೊಡೆಯ ಮೇಲೆ ಮಾತ್ರೆ ಎಣಿಸಿ, ಮುಂದಿನ ಸಾಲಿಗೆ ಸರಿಯಾಗಿ ಬಂದು ಇಳಿಯುತ್ತಿದ್ದರು. ಗೊತ್ತಿದ್ದವರಿಗೆ ಗೊತ್ತಾಗುತ್ತಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ.

ಇದನ್ನೆಲ್ಲ ಪಾರ್ಕಿಂಗಿನಲ್ಲಿ ನಿಂತು ದತ್ತಾತ್ರೇಯರಿಗೆ ಹೇಗೆ ಹೇಳುವುದು? "ಬೇಡ ರೀ, ಅವರ ಕೈ ಅಲ್ಲ ಅದು," ಎಂದೆ, ಅಷ್ಟೇ.

"ಮತ್ತೇನ್ ಮಾಡೋಣ ಅಂತೀಯಾ?"

"ಗೊತ್ತಿಲ್ಲ."

"ಹೇಳೋದೂ ಬೇಡ, ತುಂಬೋದೂ ಬೇಡ ಅಂದ್ರೆ ಹೇಗೆ?"

"ಹೇಳೋದು ಬೇಡ ಅಂದಿಲ್ಲ. ಹೇಗೆ ಹೇಳ್ಬೇಕು ಗೊತ್ತಿಲ್ಲ."

ಅವರು ಡಬ್ಬಿ ಮುಚ್ಚಿದರು. ನಮ್ಮ ಫ್ರಿಜ್ಜು ಮಾತ್ರ ಆಮೇಲೆ ತಿಂಗಳುಗಟ್ಟಲೆ ಹೊಳೆಯುತ್ತಿತ್ತು.

ಮಂಗಳವಾರ ಮಾರ್ಗರೆತಾ ಟ್ಯಾಕ್ಸಿಯಲ್ಲಿ ಬಂದಿಳಿದರು. ಸಂಜೆ ಕಾಫಿಗೆ ಕರೆದರು. ನಾನು ಡಿಕ್ಷನರಿ ಹಿಡಿದು ಆರು ವಾಕ್ಯ ಬರೆದು, ಬಾಯಿಪಾಠ ಮಾಡಿ ಹೋಗಿದ್ದೆ. ಏಲಕ್ಕಿ ಬನ್ನು ಕೊಟ್ಟರು. ಸೊಂಟದೊಳಗೆ ಕೂರಿಸಿದ ಲೋಹದ ಬಗ್ಗೆ ಹೇಳಿದರು. ತಂಗಿ ಅಡುಗೆಗೆ ಉಪ್ಪೇ ಹಾಕುವುದಿಲ್ಲ ಎಂದರು. ನನ್ನ ಮೊದಲ ವಾಕ್ಯ ಗಂಟಲ ತನಕ ಬಂದು, ಕ್ರಿಯಾಪದ ಎಲ್ಲಿಡಬೇಕೋ ತಿಳಿಯದೆ ಅಲ್ಲೇ ನಿಂತಿತು. ಎರಡನೆಯ ಬನ್ನು ತಿಂದೆ. ಕೀಲಿಕೈ ಮೇಜಿನ ಮೇಲಿಟ್ಟೆ. ಅವರು ಅದರತ್ತ ನೋಡಲಿಲ್ಲ.

"ಕಾರು ತೊಂದರೆ ಕೊಟ್ಟಿತಾ?"

"ಇಲ್ಲ," ಎಂದೆ. ಅದು ಸುಳ್ಳಲ್ಲ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಹಾಲು ಕಾಯಿಸಲಿಟ್ಟು ಕಿಟಕಿಯ ಪರದೆ ಸರಿಸಿದೆ. ಹುಲ್ಲು ಬೆಳ್ಳಗಿತ್ತು. ಕಾರುಗಳ ಬೆನ್ನು ಬೆಳ್ಳಗಿತ್ತು. ಒಲೆ ಆರಿಸಿ, ಸ್ವೆಟರ್ ಹಾಕಿಕೊಂಡು ಎರಡು ಮಹಡಿ ಇಳಿದು ಅವರ ಬೆಲ್ ಒತ್ತಿದೆ. ಅವರು ನೋಡುವ ಮೊದಲು ಹೇಳಬೇಕು, ಅಷ್ಟೇ ಇದ್ದುದು ತಲೆಯಲ್ಲಿ.

ಬಾಗಿಲು ತೆರೆದೇ ಇತ್ತು. ಮಾರ್ಗರೆತಾ ರಾತ್ರಿಯುಡುಪಿನಲ್ಲೇ ಅಡುಗೆಮನೆಯ ಕಿಟಕಿಯ ಬಳಿ ಎರಡು ಊರುಗೋಲಿನ ಮೇಲೆ ನಿಂತಿದ್ದರು. ತಿರುಗಲಿಲ್ಲ.

ಹೋಗಿ ಪಕ್ಕದಲ್ಲಿ ನಿಂತೆ. ಇಡೀ ಬಾನೆಟ್ಟಿನ ಮೇಲೆ ಸುತ್ತುಗಳು. ಹೆಡ್‌ಲೈಟಿನಿಂದ ಗಾಜಿನವರೆಗೆ ಸಾಲುಸಾಲಾಗಿ, ಒಂದೇ ಅಳತೆಯಲ್ಲಿ, ಎಲ್ಲೂ ಆತುರವಿಲ್ಲದೆ. ಬೆಳ್ಳಗೆ ರಂಗೋಲಿ ಎಳೆದ ಹಾಗೆ. ನಡುವೆ ಊಟದ ತಟ್ಟೆಯಷ್ಟು ಜಾಗ ಖಾಲಿ.

"ನಾನು," ಎಂದೆ. ಆರು ವಾಕ್ಯಗಳಲ್ಲಿ ಒಂದೂ ನೆನಪಾಗಲಿಲ್ಲ. "ಅದು ನಾನು. ಹಬ್ಬ ಇತ್ತು. ಕೆಂಪು ಪುಡಿ ಇಟ್ಟೆ. ಮಳೆ ಬಂತು. ತೊಳೆದೆ. ನೀವು ಬೇಡ ಎಂದಿದ್ದಿರಿ. ನಾನು ತೊಳೆದೆ."

ಅವರು ಒಂದು ಊರುಗೋಲನ್ನು ಕಿಟಕಿಯ ಕಟ್ಟೆಗೆ ಒರಗಿಸಿದರು.

"ಇಲ್ಲ," ಎಂದರು. "ಅದು ನಾನು."

ಅರ್ಥವಾಗಲಿಲ್ಲ. ನನ್ನ ಮಾತನ್ನೇ ತಿರುಗಿ ಹೇಳಿ ತಿದ್ದುತ್ತಿದ್ದಾರೆ ಎಂದುಕೊಂಡೆ.

"ಮೇ ತಿಂಗಳಲ್ಲಿ. ಹಕ್ಕಿ ಹಿಕ್ಕೆ ಹಾಕಿತ್ತು, ಸರಿಯಾಗಿ ನಡುವೆ. ಬಿಟ್ಟರೆ ಬಣ್ಣ ತಿನ್ನುತ್ತೆ. ಒರೆಸಿದೆ. ಒರೆಸಿದ ಮೇಲೆ ನೆನಪಾಯಿತು. ಯಾರಿಗೂ ಹೇಳಿರಲಿಲ್ಲ," ಎಂದರು.

"ಆದರೆ ನಾನು ತೊಳೆದದ್ದೂ ಅಲ್ಲೇ."

"ನೀನೂ ಇರಬಹುದು," ಎಂದರು ಮಾರ್ಗರೆತಾ.

ನಾನು ಮತ್ತೆ ನೋಡಿದೆ. ನಾನು ಉಜ್ಜಿದ್ದು ಅಂಗೈಯಷ್ಟು ಜಾಗ. ಸೋಪಿನ ನೀರು ಅದಕ್ಕಿಂತ ದೂರ ಹರಿದಿರಬಹುದು. ಆಗಸ್ಟಿನಲ್ಲಿ ಅವರು ಉಸಿರು ಬಿಟ್ಟು ತೋರಿಸಿದ್ದು ಎಡ ಅಂಚನ್ನು. ನಡುವಿನದನ್ನು ನಾನು ನೋಡಿಯೇ ಇರಲಿಲ್ಲ. ಅಲ್ಲಿ ಸುತ್ತುಗಳಿದ್ದವೋ ಇಲ್ಲವೋ, ಇದ್ದುದನ್ನು ನಾನು ಅಳಿಸಿದೆನೋ, ಇಲ್ಲದಿದ್ದ ಕಡೆ ನನ್ನ ಗೆರೆ ಎಳೆದೆನೋ. ಇವರು ನಿಜ ಹೇಳುತ್ತಿದ್ದಾರೋ, ನನ್ನ ಮುಖ ನೋಡಿ ಈಗಷ್ಟೇ ಆ ಹಕ್ಕಿಯನ್ನು ತಂದು ಕೂರಿಸಿದರೋ. ಅವರ ಮುಖದಲ್ಲಿ ಅಂಥದ್ದೇನೂ ಬರೆದಿರಲಿಲ್ಲ. ಇಲ್ಲಿಯವರ ಮುಖ ಓದಲು ನನಗೆ ಇನ್ನೂ ಬಂದಿಲ್ಲ.

"ಆ ಕೆಂಪು ಪುಡಿ ಯಾತಕ್ಕೆ?"

"ಕೆಲಸ ಮಾಡುವ ವಸ್ತುಗಳಿಗೆ. ವರ್ಷಕ್ಕೆ ಒಂದು ದಿನ. ಚಾಕು, ಕಂಪ್ಯೂಟರ್, ಎಲ್ಲಕ್ಕೂ."

"ಕುಕ್ಕರಿಗೂ?"

"ಕುಕ್ಕರಿಗೂ."

ಅವರ ತುಟಿ ಒಂದು ಬದಿಗೆ ಸ್ವಲ್ಪ ಸರಿಯಿತು. ನಗುವೋ ಅಲ್ಲವೋ. "ಬರ್ಟಿಲ್‌ಗೆ ಹೇಳಿದ್ದರೆ ಲಾನ್‌ಮೂವರಿಗೂ ಇಡು ಅಂತಿದ್ದ."

ಬಿಸಿಲು ಎದುರಿನ ಕಟ್ಟಡ ದಾಟಿ ಬಂತು. ಮೊದಲು ಬಲಗಡೆಯ ಸಾಲು ಮಸುಕಾಯಿತು, ಆಮೇಲೆ ಮೇಲಿನವು. ಎಡ ಅಂಚಿನ ಕೊನೆಯ ಸುತ್ತು ಹನಿಯಾಗಿ ಇಳಿಯುವವರೆಗೆ ಅವರೂ ನಿಂತರು, ನಾನೂ ನಿಂತೆ. ಹೊಸ ಸೊಂಟ ಇಟ್ಟುಕೊಂಡು ಅವರು ಅಷ್ಟು ಹೊತ್ತು ನಿಲ್ಲಬಾರದಿತ್ತು ಎಂದು ಆಮೇಲೆ ಹೊಳೆಯಿತು.

"ಇವತ್ತು ಶುಕ್ರವಾರ ಅಲ್ಲವಾ?" ಎಂದರು.

ಕೋಟು ಹಾಕಲು ಸಹಾಯ ಮಾಡಿದೆ. ಮಂಗಳವಾರ ನಾನಿಟ್ಟ ಕೀಲಿಕೈ ಮೇಜಿನ ಮೇಲೆ ಇಟ್ಟಲ್ಲೇ ಇತ್ತು. ಅದನ್ನು ಊರುಗೋಲಿನ ತುದಿಯಿಂದ ನನ್ನ ಕಡೆಗೆ ಸರಿಸಿದರು. "ನಿನ್ನ ಹತ್ತಿರವೇ ಇರಲಿ. ಡಾಕ್ಟರು ಕ್ರಿಸ್‌ಮಸ್‌ವರೆಗೆ ಓಡಿಸಬೇಡ ಅಂದಿದ್ದಾರೆ." ಕೀಲಿಕೈ ಕೊಟ್ಟದ್ದು ಡಾಕ್ಟರು ಹೇಳಿದ್ದಕ್ಕೋ, ನನ್ನ ತಪ್ಪನ್ನು ಮನ್ನಿಸಿದ್ದಕ್ಕೋ. ಕೇಳಬೇಕಿತ್ತು. ಕೇಳುವ ಧೈರ್ಯವಾಗಲಿಲ್ಲ.

ಅವರನ್ನು ಬಲಗಡೆಯ ಸೀಟಿನಲ್ಲಿ ಕೂರಿಸಿದೆ. ಸ್ಟಿಯರಿಂಗಿನ ಮೇಲೆ ನನ್ನ ಕುಂಕುಮದ ಬೊಟ್ಟು ಇನ್ನೂ ಇತ್ತು. ಅದನ್ನು ನೋಡಿದರು, ಒಂದು ಬೆರಳಿನಲ್ಲಿ ಮುಟ್ಟಿ ಬೆರಳು ನೋಡಿಕೊಂಡರು, ಒರೆಸಿಕೊಳ್ಳಲಿಲ್ಲ. ಇಂಜಿನ್ ಎರಡನೆಯ ಸಲಕ್ಕೆ ಹಿಡಿಯಿತು. ನೀಲಿ ಹೊಗೆ ಹಿಂದೆ ಕಟ್ಟಡವನ್ನೇ ಮುಚ್ಚಿತು.

ನೀರಿಗೆ ಇಳಿಯುವ ರಸ್ತೆ ಬಂತು. ಅಷ್ಟರಲ್ಲಿ ನನ್ನ ತಲೆಯಲ್ಲಿ ಸ್ವೀಡಿಷ್ ವಾಕ್ಯವೊಂದು ಸಿದ್ಧವಾಗಿತ್ತು, ಕ್ರಿಯಾಪದ ಸರಿಯಾದ ಜಾಗದಲ್ಲೇ ಇತ್ತು: ಆ ಹಕ್ಕಿ ನಿಜವಾಗಿ ಬಂದಿತ್ತಾ?

ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಇಂಜಿನ್ ಪಿಸುಮಾತಿಗಿಳಿಯಿತು. ಕಾರು ತಾನಾಗಿ ಉರುಳತೊಡಗಿತು. ಮಾರ್ಗರೆತಾ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಅಣ್ಣ ಬರೀ ರಾಗ ಎಳೆಯುವಾಗ ಕಂಬದ ಇನ್ನೊಂದು ಬದಿಯಲ್ಲಿ ನಾನು ಕೂರುತ್ತಿದ್ದುದೂ ಹಾಗೆಯೇ. ಮಾತು ನನ್ನ ಬಾಯಲ್ಲೇ ಉಳಿಯಿತು. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೆ, ಒತ್ತಲಿಲ್ಲ.